ಬಾಗಿಲಲ್ಲೇ ನಿಂತು ನೋಡುವವನು

ಇಣುಕಪ್ಪನ ನೆರೆಯಲ್ಲಿ ಇರುವವರಿಗೆ ಗಡಿಯಾರದ ಖರ್ಚು ಉಳಿಯುತ್ತದೆ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಕುರಿ ಈಯುವ ತಿಂಗಳು ಬಂತೆಂದರೆ ಅವನ ಹಿತ್ತಿಲ ಬಾಗಿಲು ಹಗಲಿರುಳೆನ್ನದೆ ಮೂರು ಗಂಟೆಗೊಮ್ಮೆ ಕಿರುಗುಟ್ಟುತ್ತಿತ್ತು; ಗಾಳಿಯಿರಲಿ, ಚಳಿಯಿರಲಿ, ಮನೆಗೆ ಬಂದ ನೆಂಟರು ಊಟಕ್ಕೆ ಕೂತಿರಲಿ, ಅದಕ್ಕೆ ವಿನಾಯಿತಿಯೆಂಬುದಿರಲಿಲ್ಲ. ಪಕ್ಕದ ಮನೆಯ ಹಾಲಿನಾಕೆ, "ಏಳ್ರೋ, ಇಣುಕಪ್ಪನ ಆರು ಗಂಟೆ ಆಯ್ತು" ಎಂದು ಮಕ್ಕಳ ಹೊದಿಕೆ ಎಳೆಯುತ್ತಿದ್ದಳು. ಒಂದು ವರ್ಷ ಅವನು ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟಾಗ ಅವಳು ಜಗಳಕ್ಕೇ ಬಂದಳು: "ಯಾಕಣ್ಣಾ, ನಮ್ಮ ಮೇಲೆ ಏನು ಸಿಟ್ಟು ನಿಂಗೆ? ಸದ್ದೇ ಇಲ್ಲ ಅಂತ ಮಲಗೇ ಇದ್ದೆ. ಹಸು ಕೂಗಿ ಕೂಗಿ ಬೀದಿಯವರನ್ನೆಲ್ಲ ಎಬ್ಬಿಸ್ತು, ನನ್ನೊಬ್ಬಳನ್ನ ಬಿಟ್ಟು!"

ಇಣುಕಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕುರಿಮನೆಯೊಳಕ್ಕೆ ಅವನು ಸುಮ್ಮಸುಮ್ಮನೆ ಕಾಲಿಟ್ಟವನಲ್ಲ. ಬಾಗಿಲ ಚೌಕಟ್ಟಿಗೆ ಒಂದು ಕೈಯಾನಿಸಿ, ಮೊದಲು ತಲೆ, ಆಮೇಲೆ ಎಡಗಿವಿ, ಇಷ್ಟನ್ನು ಮಾತ್ರ ಒಳಗೆ ಕಳಿಸಿ, ಉಸಿರು ಹಿಡಿದು ನಿಲ್ಲುತ್ತಿದ್ದನು. ಬಳಿಕ "ಸರಿ ಇದೆ" ಎಂದು ತನಗೇ ಪಿಸುಗುಟ್ಟಿಕೊಂಡು ಹಿಂದಿರುಗುತ್ತಿದ್ದನು. ಅವನ ನಡಿಗೆಯೂ ಅದೇ ಧರ್ಮದ್ದು: ಮೊದಲು ಹೆಬ್ಬೆರಳು ನೆಲದ ಅಪ್ಪಣೆ ಕೇಳಬೇಕು, ಅದು ಒಪ್ಪಿದ ಮೇಲೆ ಹಿಮ್ಮಡಿ ಇಳಿಯಬೇಕು. ಸಂತೆಯಲ್ಲಾಗಲಿ, ಆಸ್ಪತ್ರೆಯ ಮೊಗಸಾಲೆಯಲ್ಲಾಗಲಿ, ಹಸಿ ಮರಿಯೊಂದು ಎಲ್ಲೋ ಮಲಗಿದೆಯೆಂಬಂತೆಯೇ ಅವನು ನಡೆಯುತ್ತಿದ್ದನು. ಮೈಮೇಲೆ ಸದಾ ಒಂದು ಹಳೆಯ ಉಣ್ಣೆಯ ಕೋಟು. ಅದರ ಬಲಜೇಬಿನಲ್ಲಿ ಮರಿಯ ಹೊಕ್ಕುಳಿಗೆ ಹಚ್ಚುವ ಅಯೋಡಿನ್ ಶೀಸೆ, ಎಡಜೇಬಿನಲ್ಲಿ ಮೂಗು ಬಾಯಿ ಒರೆಸುವ ಬಟ್ಟೆ.

ಮಗಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು: "ಅಪ್ಪಾ, ಒಳಗೆ ಹೋಗಿ ನೋಡಿದ್ರೆ ಏನಾಗುತ್ತೆ?"

"ನಮ್ಮ ಭಯ ಅದಕ್ಕೆ ಅಂಟುತ್ತೆ, ಮಗಳೇ."

ಅವನ ಶಾಸ್ತ್ರ ಇಷ್ಟೇ. ದಿನ ತುಂಬಿದ ಕುರಿ ಒಂದು ಮೂಲೆಯನ್ನು ಆರಿಸಿಕೊಂಡು, ಹುಲ್ಲು ಕೆದರಿ, ಸುತ್ತಿ ಮಲಗುತ್ತದೆ. ಆ ಹೊತ್ತಿಗೆ ಮನುಷ್ಯ ನುಗ್ಗಿದರೆ ಅದು ಮೂಲೆ ಬಿಟ್ಟೇಳುತ್ತದೆ, ಎದ್ದದ್ದು ಮರಿಯನ್ನು ನೆಕ್ಕುವುದಿಲ್ಲ, ನೆಕ್ಕದ ಮರಿಯನ್ನು ತನ್ನದೆಂದು ಅರಿಯುವುದಿಲ್ಲ. ಹಾಗೆಂದು ನೋಡದೆ ಬಿಟ್ಟರೆ, ಕಾಲು ಮಡಚಿ ಅಡ್ಡ ಬಂದ ಮರಿ ತಾಯಿಯನ್ನೂ ಕರೆದುಕೊಂಡು ಹೋಗುತ್ತದೆ. ಆದ್ದರಿಂದ ಮೂರು ಗಂಟೆ. ನೋವು ತಿನ್ನುತ್ತಿರುವ ಕುರಿಯಿದ್ದರೆ ಗೋಡೆಯಾಚೆ ಕೂತು ಒಂದು ಗಂಟೆ ಕಳೆದ ಮೇಲೆ ಮತ್ತೆ ಇಣುಕು. ಮಲಗಿ ಮೆಲುಕು ಹಾಕುವುದನ್ನು ಮಾತ್ರ ಎಬ್ಬಿಸಬೇಡ. ಊರೂರಿನ ಕುರಿಗಾರರು ಕೇಳಿಕೊಂಡು ಹೋಗುತ್ತಿದ್ದ ಲೆಕ್ಕವಿದು.

ಮನೆಯವರ ಮೇಲಿನ ಅಕ್ಕರೆಗೂ ಅವನಿಗೆ ಬೇರೆ ಭಾಷೆ ಗೊತ್ತಿರಲಿಲ್ಲ. ಮಗಳಿಗೆ ಜ್ವರ ಬಂದ ದಿನಗಳಲ್ಲಿ ಹಣೆಯ ಮೇಲೆ ಅಪ್ಪನ ಕೈ ಬಂದದ್ದು ಅವಳಿಗೆ ನೆನಪಿಲ್ಲ. ಬಾಗಿಲಿನಿಂದ ತೇಲಿ ಬರುತ್ತಿದ್ದ ಕೋಟಿನ ವಾಸನೆ ನೆನಪಿದೆ. ಹೆಂಡತಿ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದಳು: "ಮದುವೆಯಾದ ಹೊಸದ್ರಲ್ಲಿ ನನ್ನನ್ನೂ ಹೀಗೇ ಬಾಗಿಲಲ್ಲಿ ನಿಂತು ನೋಡೋರು ಕಣ್ರೀ. ಒಳಗೆ ಬನ್ನಿ, ನಾನೇನು ಈಯೋ ಕುರೀನಾ ಅಂತ ನಾನೇ ಕರೀಬೇಕಾಯ್ತು!" ಅವನು ಕೋಟಿನ ಗುಂಡಿ ತಿರುವುತ್ತ ನಗುತ್ತಿದ್ದನು.

ಆ ಹೆಂಡತಿ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದದ್ದು ಕುರಿ ಈಯುವ ತಿಂಗಳಲ್ಲೇ. ಮಗಳು ಆಗ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಒಂದು ಬೆಳಗ್ಗೆ, ಹೊಲಿದ ಬಟ್ಟೆಗಳ ಗಂಟನ್ನು ಪೇಟೆಯ ಹೊಲಿಗೆ ಅಂಗಡಿಗೆ ಮುಟ್ಟಿಸಲು ಹೊರಟಾಗ, "ಅಮ್ಮನ್ನ ನೋಡ್ಕೊಳಪ್ಪ" ಎಂದಳು. ಅವನು ನೋಡಿಕೊಂಡನು. ಒಂಬತ್ತಕ್ಕೆ ನೋಡಿದನು, ಹನ್ನೆರಡಕ್ಕೆ ನೋಡಿದನು. ಹನ್ನೆರಡಕ್ಕೆ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಕೆಡಿಸಬಾರದೆಂದು ಚೌಕಟ್ಟಿನಿಂದಲೇ "ಸರಿ ಇದೆ" ಎಂದು ಪಿಸುಗುಟ್ಟಿ ಕುರಿಮನೆಯ ಕಡೆ ನಡೆದನು. ಒಂದೂವರೆಗೆ ಮಗಳು ಬಂದು ಭುಜ ಮುಟ್ಟಿದಾಗ ಅಮ್ಮನ ಮೈ ತಣ್ಣಗಾಗಿತ್ತು. ಡಾಕ್ಟರು ಬಂದು, ತೋಳನ್ನೆತ್ತಿ ನೋಡಿ, "ಜೀವ ಹೋಗಿ ಮೂರು ಗಂಟೆ ಆಗಿರಬೇಕು" ಎಂದರು.

"ಮೂರಾ?" ಎಂದನು ಇಣುಕಪ್ಪ.

ತಿಂಗಳಾದ ಮೇಲೆ, ಹೊಲಿಗೆ ಯಂತ್ರದ ಸದ್ದಿನ ನಡುವೆ, ಮಗಳಿಗೆ ಇನ್ನೊಂದನ್ನು ಹೇಳಿದನು. "ಒಂಬತ್ತಕ್ಕೆ ಅವಳು ಕೈ ಎತ್ತಿದ್ಲು. ಹೋಗು, ಕುರಿ ನೋಡ್ಹೋಗು ಅಂತಿದಾಳೆ ಅಂದ್ಕೊಂಡೆ."

ಮಗಳು ಯಂತ್ರ ನಿಲ್ಲಿಸಿದಳು. "ಹಾಗೇ ಅಂದಿರ್ತಾಳಪ್ಪ."

"ಬಾ ಅಂದಿದ್ರೆ?"

ಅವಳು ಮತ್ತೆ ಯಂತ್ರ ತುಳಿದಳು. ಆ ಸೀರೆಯಂಚಿನ ಹೊಲಿಗೆ ಉದ್ದಕ್ಕೂ ಸೊಟ್ಟಗಾಯಿತು. ಬಿಚ್ಚಿ ಹೊಲಿಯುವ ಮನಸ್ಸೂ ಅವಳಿಗೆ ಬರಲಿಲ್ಲ.

ಮರುವರ್ಷ ಹಿತ್ತಿಲ ಬಾಗಿಲು ಕಾಲುಗಂಟೆಗೊಮ್ಮೆ ಕಿರುಗುಟ್ಟಿತು. ಜನ್ಮವೆಲ್ಲ ಹೊಸ್ತಿಲಾಚೆ ನಿಂತ ಕಾಲುಗಳು ಈಗ ಒಳಗೇ ಸುತ್ತತೊಡಗಿದವು. ಮಲಗಿದ ಒಂದೊಂದು ಕುರಿಯ ಹೊಟ್ಟೆಗೂ ಅವನು ಕೈಯಿಟ್ಟು ಅಲುಗಿಸುವನು. ಅದು ಎದ್ದು ನಿಂತರೆ ನಿಟ್ಟುಸಿರುಬಿಟ್ಟು ಮುಂದಿನದಕ್ಕೆ ಹೋಗುವನು. ಕುರಿಗಳು ಮೂಲೆ ಬಿಟ್ಟು ಮೂಲೆಗೆ ಓಡಿದವು, ನಿಂತಲ್ಲೇ ಮರಿ ಬೀಳಿಸಿ ಮುಂದೆ ನಡೆದವು. ಒದ್ದೆ ಮರಿಗಳು ಯಾವುದೋ ಕುರಿಯ ಕಾಲ ಬುಡದಲ್ಲಿ ತಾಯಿಯನ್ನು ಹುಡುಕಿ, ಒದೆಸಿಕೊಂಡು, ಹುಲ್ಲಿನ ಮೇಲೆ ಮಡಿದವು. ಬಾಟಲಿಯಲ್ಲಿ ಹಾಲೂಡಿ ಮಗಳು ಕೆಲವನ್ನು ಉಳಿಸಿದಳು; ಹಾಲಿನಾಕೆ ಕೇಳದೆಯೇ ಚೊಂಬು ತಂದಿಟ್ಟು, ಒಂದೂ ತಮಾಷೆ ಮಾಡದೆ ಹೋದಳು.

"ಬಿಡಪ್ಪ ಅವನ್ನ. ನೋಡು, ಎಬ್ಬಿಸಬೇಡ. ನೀನೇ ಹೇಳಿಕೊಟ್ಟಿದ್ದಲ್ವಾ?" ಎಂದಳು ಮಗಳು.

"ಎಬ್ಬಿಸದೇನೇ ಹೇಗೆ ಗೊತ್ತಾಗುತ್ತೆ ಮಗಳೇ?" ಎಂದನು ಅವನು. ಹಟದಿಂದ ಹೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

ಹುಟ್ಟಿದ್ದರಲ್ಲಿ ಮುಕ್ಕಾಲು ಪಾಲು ಮರಿಗಳು ಮಣ್ಣು ಸೇರಿದ ಮೇಲೆ, ಹೆಂಡತಿಯ ತಮ್ಮ ಬಂದು ಹಿಂಡನ್ನು ತನ್ನಲ್ಲಿಗೆ ಹೊಡೆದುಕೊಂಡು ಹೋಗುವುದೆಂದೂ, ಅಪ್ಪ ಮಗಳು ಪೇಟೆಯಲ್ಲಿ ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಹೋಗುವುದೆಂದೂ ಆಯಿತು. ತಮ್ಮ ಒಳ್ಳೆಯವನು, ಕುರಿಗೆ ಹೊಸಬ. ಹಿಂಡನ್ನು ಬೀದಿಗಿಳಿಸುತ್ತ ಕೇಳಿದನು: "ಭಾವಾ, ಇದೊಂದು ಹೇಳ್ಬಿಡಿ. ಈಯೋ ಕಾಲದಲ್ಲಿ ಎಷ್ಟೊತ್ತಿಗೊಂದ್ಸಲ ನೋಡ್ಬೇಕು?"

ನಿದ್ದೆಯಲ್ಲಿ ಕೇಳಿದರೂ ಉತ್ತರ ಹೇಳುತ್ತಿದ್ದ ಮನುಷ್ಯ ಕೋಟಿನ ಗುಂಡಿ ತಿರುವಿದನು. ಕಡೆಗೆ, "ನಂಗೊತ್ತಿಲ್ಲಪ್ಪ" ಎಂದನು.

ಇನ್ನೊಂದು ಜೀವವನ್ನು ಕಾಯುವವರ ಪಾಡು ಇದು. ಹತ್ತಿರ ಹೋದರೆ ಕೆಡುತ್ತದೆ, ದೂರ ನಿಂತರೆ ಕೈತಪ್ಪುತ್ತದೆ; ಈ ಎರಡರ ನಡುವೆ ಒಂದು ಅಳತೆಯನ್ನು ಕಂಡುಕೊಂಡು, ಅದನ್ನೇ ವಿವೇಕವೆಂದು ನಂಬಿ, ಮೆಲ್ಲಗೆ ನಡೆಯುತ್ತ ಆಯುಷ್ಯ ಕಳೆಯುತ್ತಾರೆ. ಅಳತೆ ತಪ್ಪಿದ ದಿನ, ಕಳೆದುಕೊಂಡ ಜೀವದ ಜೊತೆಗೆ ತಾವು ಅಕ್ಕರೆಯಿಂದ ನೋಡಿದ ಒಂದೊಂದು ನೋಟವೂ ಹೋಗುತ್ತದೆ. ಅಂಥವರಿಗೆ ಸಮಾಧಾನ ಹೇಳಲು ಹೋದವರು ಯಾರೂ ಏನನ್ನೂ ಕೊಟ್ಟು ಬಂದಂತಿಲ್ಲ.

ಗಾಡಿಗೆ ಸಾಮಾನು ಏರಿಸಿ ಮಗಳು ಕರೆದಾಗ ಅವನು ಹೆಂಡತಿಯ ಕೋಣೆಯ ಬಾಗಿಲಲ್ಲಿದ್ದನು. ಚೌಕಟ್ಟಿಗೆ ಕೈಯಾನಿಸಲಿಲ್ಲ. ಒಳಗೆ ಹೋಗಿ, ಬರಿಯ ಮಂಚದಂಚಿಗೆ ಕೂತು, ಹಲಗೆಯ ಮೇಲೆ ಅಂಗೈಯನ್ನು ಊರಿದನು. ಆಮೇಲೆ ಎದ್ದನು. "ಸರಿ ಇದೆ" ಎನ್ನಬಹುದೇನೋ ಎಂದು ಮಗಳು ಕಾದಳು. ಅವನು ಹಿಮ್ಮಡಿಯನ್ನೇ ಮೊದಲು ಊರಿ, ನೆಲವೆಲ್ಲ ಧಡಧಡ ಸದ್ದಾಗುವಂತೆ ನಡೆದು, ಹೊಸ್ತಿಲು ದಾಟಿದನು.