ದೊಡ್ಡಕ್ಕನ ರಕ್ತ

ಈಗ ನಮ್ಮ ಲ್ಯಾಬಿಗೆ ಕಂಟ್ರೋಲ್ ರಕ್ತ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಅದರ ಲೆಕ್ಕವೆಲ್ಲ ಮೊದಲೇ ಗೊತ್ತಿರುತ್ತದೆ. ಬೆಳಿಗ್ಗೆ ಅದನ್ನು ಯಂತ್ರಕ್ಕೆ ಕೊಟ್ಟು, ಯಂತ್ರವೂ ಅದೇ ಲೆಕ್ಕ ಹೇಳಿದರೆ ಮಾತ್ರ ರೋಗಿಗಳ ರಕ್ತ ಮುಟ್ಟಬೇಕು. "ಇದು ಯಾರ ರಕ್ತ ಮೇಡಂ?" ಎಂದು ಮೊನ್ನೆ ಹೊಸದಾಗಿ ಕಲಿಯಲು ಬಂದವಳು ಕೇಳಿದಳು. ಯಾರದೋ ಏನೋ, ನನಗೇನು ಗೊತ್ತು! ನಾನು ಕಲಿಯುವಾಗ ಅದು ಯಾರ ರಕ್ತವೆಂದು ಎಲ್ಲರಿಗೂ ಗೊತ್ತಿತ್ತು. ಅದು ದೊಡ್ಡಕ್ಕನದು.

ದೊಡ್ಡಕ್ಕ ಅಂದರೆ ಲ್ಯಾಬಿನ ಮುಖ್ಯಸ್ಥೆ, ನಮ್ಮ ಗುರು. ಬಾಟಲಿ ತರಿಸುವ ಅನುಕೂಲ ಆಗ ಇರಲಿಲ್ಲ. ಬೆಳಿಗ್ಗೆ ಬಂದವರೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಕೋಟಿನ ತೋಳು ಮೇಲೆ ಸರಿಸಿ, "ಬಾರೇ, ಚುಚ್ಚು" ಎನ್ನುತ್ತಿದ್ದರು. ನಾನು ಸೂಜಿ ಹಿಡಿಯಲು ಕಲಿತದ್ದೇ ಆ ತೋಳಿನ ಮೇಲೆ. ಮೊದಲ ದಿನ ಕೈ ಗಡಗಡ ನಡುಗಿ, ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು. "ನೋವಾಗೋದು ನಂಗೆ, ನೀನ್ಯಾಕೆ ಅಳ್ತೀಯಾ?" ಎಂದು ನಕ್ಕಿದ್ದರು. ಅವರ ಹಿಮೋಗ್ಲೋಬಿನ್ ವರ್ಷಗಟ್ಟಲೆ ಹದಿಮೂರು ಬಿಟ್ಟು ಕದಲಿದ್ದಿಲ್ಲ. ಯಂತ್ರ ಬೇರೆ ಹೇಳಿದರೆ ತಪ್ಪು ಯಂತ್ರದ್ದೇ. ಆ ಯಂತ್ರಕ್ಕೆ ನಾವಿಟ್ಟ ಹೆಸರು ಅತ್ತೆ. ಎಷ್ಟು ತೊಳೆದು ಒರೆಸಿ ಉಪಚಾರ ಮಾಡಿದರೂ ಅದರ ಮುನಿಸು ತಪ್ಪುತ್ತಿರಲಿಲ್ಲ.

ಆ ವರ್ಷವಂತೂ ಅತ್ತೆಯ ಮುನಿಸು ವಿಪರೀತವಾಯಿತು. ದೊಡ್ಡಕ್ಕನ ರಕ್ತಕ್ಕೆ ಕಡಿಮೆ ಹೇಳತೊಡಗಿತು. ನಾವು ತಿರುಪು ತಿರುಗಿಸಿ ಹದಿಮೂರಕ್ಕೆ ತಂದು ನಿಲ್ಲಿಸುವುದು, ಸ್ವಲ್ಪ ದಿನಕ್ಕೆ ಅದು ಮತ್ತೆ ಕೆಳಗೆ ಜಾರುವುದು. "ವಯಸ್ಸಾಯ್ತು ಇದಕ್ಕೆ" ಎಂದು ದೊಡ್ಡಕ್ಕ ಅದರ ತಲೆ ತಟ್ಟುತ್ತಿದ್ದರು. ಮೆಟ್ಟಿಲು ಹತ್ತಿ ಬಂದ ಏದುಸಿರು ಅವರಿಗೆ ಇನ್ನೂ ಇಳಿದಿರುತ್ತಿರಲಿಲ್ಲ. ನಮ್ಮ ಬುದ್ಧಿಗೆ ಅದೇನು ಮಂಕು ಕವಿದಿತ್ತೋ!

ಆಗ ನಾನು ಸ್ಲೈಡ್ ಓದುವುದನ್ನು ಕಲಿಯುತ್ತಿದ್ದೆ. ಗಾಜಿನ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಅಭ್ಯಾಸಕ್ಕೆ ಬೆಳಿಗ್ಗೆ ಉಳಿದ ದೊಡ್ಡಕ್ಕನ ರಕ್ತವೇ. ಒಂದು ದಿನ ನೋಡುತ್ತೇನೆ, ಕೆಂಪು ಕಣಗಳೆಲ್ಲ ಸಣ್ಣಗಾಗಿ, ನಡುವೆ ಬಿಳಿಚಿಕೊಂಡು, ಅಂಚಿನಲ್ಲಷ್ಟೇ ಬಣ್ಣ ಉಳಿದು ಬಳೆಗಳ ಹಾಗೆ ಕಾಣುತ್ತಿವೆ. ಮೈಯಲ್ಲಿ ರಕ್ತ ತೀರಾ ಕಡಿಮೆಯಾದವರ ಕಣಗಳು ಹೀಗಿರುತ್ತವೆ. ಓಡಿಹೋಗಿ ತೋರಿಸಿದರೆ ದೊಡ್ಡಕ್ಕ ಸ್ಲೈಡನ್ನು ಬೆಳಕಿಗೆ ಹಿಡಿದು ಮೂಗು ಮುರಿದರು.

"ನೀನು ಬಣ್ಣ ಹಾಕಿರೋದೇ ಸರಿಯಿಲ್ಲ. ನನ್ನ ರಕ್ತ ನಂಗೊತ್ತಿಲ್ವಾ? ಮತ್ತೆ ಹಾಕು ಹೋಗು."

ಮತ್ತೆ ಹಾಕಿದೆ. ಹೊಸ ಬಣ್ಣ ಕಲಸಿ ಇನ್ನೊಂದು ಸಲ ಹಾಕಿದೆ. ಅದೇ ಬಣ್ಣದಲ್ಲಿ ನನ್ನ ರಕ್ತ ಚೆನ್ನಾಗಿಯೇ ಬಂತು, ಅವರದು ಬಿಳಿಚಿಕೊಂಡೇ ಇತ್ತು. "ಅಕ್ಕ, ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ" ಎಂದೆ. "ಕಲಿಯೋಕೆ ಬಂದಿದೀಯೋ, ನಂಗೆ ಕಾಯಿಲೆ ಅಂಟಿಸೋಕೆ ಬಂದಿದೀಯೋ?" ಎಂದು ರೇಗಿದರು. ನನಗೂ ಸಿಟ್ಟು ನೆತ್ತಿಗೇರಿತು. ಎಂಥ ಹಟಮಾರಿ ಹೆಂಗಸಪ್ಪಾ! ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಹೀಗೇ ಬಿಟ್ಟರೆ ಇವರು ನಮ್ಮ ಕೈ ತಪ್ಪಿ ಹೋಗುತ್ತಾರೆ ಅನ್ನಿಸಿತು.

ಅವರದೇ ಒಂದು ನಿಯಮವಿತ್ತು. ಆಗಾಗ ಯಾವುದಾದರೂ ಒಂದು ಸ್ಲೈಡಿನಿಂದ ಹೆಸರು ತೆಗೆದು, ಬರೀ ನಂಬರ್ ಹಾಕಿ ಉಳಿದವುಗಳ ಜೊತೆ ಸೇರಿಸಿಡಬೇಕು. ಓದುವವರಿಗೆ ಅದು ಯಾರದೆಂದು ಗೊತ್ತಾಗಬಾರದು. "ಹೆಸರು ಕಂಡ್ರೆ ಕಣ್ಣು ಸುಳ್ಳು ಹೇಳತ್ತೆ ಕಣೇ" ಎನ್ನುತ್ತಿದ್ದರು. ನಾನು ಅವರ ಸ್ಲೈಡಿಗೇ ನಂಬರ್ ಹಾಕಿ, ಮಧ್ಯಾಹ್ನದ ಟ್ರೇಯಲ್ಲಿ ಇಟ್ಟುಬಿಟ್ಟೆ.

ಅವರು ಒಂದೊಂದೇ ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಆ ಸ್ಲೈಡ್ ಬಂದಾಗ ಅವರ ಕೈ ನಿಂತಿತು.

"ಅಯ್ಯೋ ಪಾಪ, ಯಾರೇ ಇದು? ಒಳಗೆಲ್ಲೋ ರಕ್ತ ಸೋರ್ತಿರಬೇಕು, ಅದೂ ಇವತ್ತು ನಿನ್ನೆಯಿಂದಲ್ಲ. ಜೊತೇಲಿರೋರು ಯಾರೂ ಗಮನಿಸ್ಲಿಲ್ವಾ? ಈಗ್ಲೇ ಫೋನ್ ಮಾಡಿ ಆಸ್ಪತ್ರೆಗೆ ಹೋಗೋಕೆ ಹೇಳು."

"ನಿಮ್ದೇ ಅಕ್ಕ" ಎಂದೆ.

ಅವರು ನನ್ನತ್ತ ತಿರುಗಲಿಲ್ಲ. ಮತ್ತೊಮ್ಮೆ ಬಗ್ಗಿ ತುಂಬ ಹೊತ್ತು ನೋಡಿದರು. ನಾನು ಪೆನ್ನು ಕೆಳಗಿಟ್ಟೆ.

"ಯಾಕೆ ನಿಲ್ಲಿಸ್ದೆ? ಹೇಳಿದ್ದನ್ನ ಹೇಳಿದ ಹಾಗೇ ಬರಿ. ಹೆಸರು ಗೊತ್ತಾದ್ಮೇಲೆ ಬದಲಾಯಿಸೋ ಹಾಗಿಲ್ಲ" ಎಂದರು. ಆಮೇಲೆ ಥಟ್ಟನೆ ಎದ್ದು ನಿಂತರು. "ಅತ್ತೆ ಸರಿಯಾಗೇ ಹೇಳ್ತಿದ್ಲಲ್ಲೇ! ನಾವೇ ಅವಳ ಕಿವಿ ಹಿಂಡಿ ಸುಳ್ಳು ಹೇಳಿಸಿದ್ವಿ. ಇಷ್ಟು ದಿನ ಬಂದೋರಿಗೆಲ್ಲ ಜಾಸ್ತಿ ಬರೆದು ಕಳಿಸಿದೀವಿ. ಎಲ್ಲರನ್ನೂ ವಾಪಸ್ ಕರೀಬೇಕು."

"ಅವರನ್ನ ನಾನು ಕರೀತೀನಿ! ಮೊದಲು ನೀವು ನಡೀರಿ!"

ಗುರುವಿನ ಮೇಲೆ ನಾನು ಕೂಗಾಡಿದ್ದು ಅದೊಂದೇ ಸಲ. ದೊಡ್ಡಕ್ಕ ಚಪ್ಪಲಿ ಮೆಟ್ಟಿಕೊಂಡರು.

ಹೊಟ್ಟೆಯೊಳಗೆ ಗೆಡ್ಡೆಯಿತ್ತು. ಇನ್ನೂ ತಡವಾಗಿದ್ದರೆ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಆಯಿತು. ಇತ್ತ ನಾವು ರೋಗಿಗಳನ್ನೆಲ್ಲ ಮತ್ತೆ ಕರೆಸಿ, ಪುಕ್ಕಟೆಯಾಗಿ ಪರೀಕ್ಷೆ ಮಾಡಿಕೊಟ್ಟು, ಸಾಕುಸಾಕಾಗುವಷ್ಟು ಬೈಸಿಕೊಂಡೆವು.

ಚೇತರಿಸಿಕೊಂಡು ಮರಳಿದ ದಿನ ದೊಡ್ಡಕ್ಕ ಅಭ್ಯಾಸಬಲದಿಂದ ಕಿಟಕಿ ಪಕ್ಕದ ಕುರ್ಚಿಗೇ ಹೋಗಿ ಕೂತು ತೋಳು ಸರಿಸಿದರು. ಆ ತೋಳು ಎಷ್ಟು ಸೊರಗಿತ್ತು! ನಾನು ಎದುರಿಗೆ ಸ್ಟೂಲು ಎಳೆದುಕೊಂಡು ನನ್ನ ತೋಳು ಚಾಚಿದೆ.

"ನಿಮ್ಮದು ಸಾಕು ಅಕ್ಕ. ಇನ್ಮೇಲೆ ನಂದು."

ಅವರು ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಹಿಡಿದರು. ಸಾವಿರಾರು ಜನಕ್ಕೆ ಚುಚ್ಚಿದ ಕೈ ನಡುಗುತ್ತಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ನೋವಾಗೋದು ನಂಗೆ, ನೀವ್ಯಾಕೆ ಅಳ್ತೀರಿ?" ಎಂದೆ.

"ಸುಮ್ನಿರೇ, ಬಾಯಿ ಜಾಸ್ತಿಯಾಯ್ತು ನಿಂಗೆ" ಎಂದು ಮೂಗೆಳೆದುಕೊಂಡು ಚುಚ್ಚಿದರು. "ಇದರ ಸ್ಲೈಡೊಂದನ್ನ ತಿಂಗಳು ತಿಂಗಳು ನಂಬರ್ ಹಾಕಿ ನನ್ನ ಟ್ರೇಲಿಡು, ತಿಳೀತಾ? ನಿನ್ನನ್ನ ನೋಡ್ಕೊಳ್ಳೋರು ಯಾರು ಮತ್ತೆ?"