ಕದಿಯದೆ ಬಿಟ್ಟ ಸಾಲುಗಳು

ನನ್ನ ನಾದಿನಿ ಅಡುಗೆ ಪುಸ್ತಕ ಹೊರತಂದಳು. ಒಳಗಿರುವ ಅರವತ್ತೆರಡು ಅಡುಗೆಯೂ ನನ್ನ ಹೆಂಡತಿಯದು, ಅಷ್ಟೂ ನಾನು ಉಂಡವೇ. ಅವಳು ತೀರಿಕೊಂಡ ತಿಂಗಳಿಗೆ, "ಒಂದು ವಾರ ಇಟ್ಕೊಂಡು ಕೊಡ್ತೀನಿ ಭಾವ" ಎಂದು ಅಕ್ಕನ ಅಡುಗೆ ನೋಟ್‌ಬುಕ್ ಒಯ್ದ ನಾದಿನಿ, ಹೇಳಿದ ದಿನಕ್ಕೆ ಸರಿಯಾಗಿ ವಾಪಸು ತಂದುಕೊಟ್ಟಿದ್ದಳು. ಈಗ ಪುಸ್ತಕವನ್ನೆಲ್ಲ ತಡಕಾಡಿದರೂ ನನ್ನ ಹೆಂಡತಿಯ ಹೆಸರಿಲ್ಲ. ಮೈಯೆಲ್ಲ ಉರಿದುಹೋಯಿತು. ಅವಳ ಹೆಸರು ಅದರ ಮೇಲೆ ಬರಬೇಕು, ನನಗೆ ಬೇಕಾಗಿದ್ದುದು ಅಷ್ಟೇ.

ಒಬ್ಬ ವಕೀಲೆಯ ಹತ್ತಿರ ಹೋದೆ. ಇನ್ನೂ ಚಿಕ್ಕ ವಯಸ್ಸು, ಮಾತು ಮಾತ್ರ ಖಡಕ್ಕು.

"ಇಷ್ಟು ಹಿಟ್ಟು, ಇಷ್ಟು ಬೆಣ್ಣೆ, ಇಷ್ಟು ಹೊತ್ತು ಬೇಯ್ಸಿ ಅನ್ನೋದಕ್ಕೆ ಕಾಪಿರೈಟ್ ಇಲ್ಲ ಸರ್. ಅದು ಯಾರಪ್ಪನ ಸೊತ್ತೂ ಅಲ್ಲ. ಆದ್ರೆ ನಿಮ್ಮನೆಯವ್ರು ಬರೆದ ವಾಕ್ಯಾನೇ ಹಾಗ್ಹಾಗೇ ಎತ್ತಿದ್ರೆ ಹಿಡೀಬಹುದು. ಎರಡನ್ನೂ ಸಾಲುಸಾಲಾಗಿ ಹೋಲಿಸಿ ನೋಡ್ಕೊಂಡು ಬನ್ನಿ."

ನನಗೆ ಹೇಳಿಕೊಡಬೇಕೆ! ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಎಡಕ್ಕೆ ಮೂಲಪ್ರತಿ, ಬಲಕ್ಕೆ ಅಚ್ಚು, ಸಾಲಿನ ಕೆಳಗೆ ಸ್ಕೇಲು. ಕಂಡವರು ಬರೆದುದನ್ನೆಲ್ಲ ಹೀಗೆ ಓದಿದ್ದೇನೆ. ಹೆಂಡತಿಯ ನೋಟ್‌ಬುಕ್ ಬಿಚ್ಚಿದ್ದು ಮಾತ್ರ ಅವತ್ತೇ ಮೊದಲು.

ನಾದಿನಿ ಜಾಣೆ. ಒಂದು ವಾಕ್ಯವನ್ನೂ ಎತ್ತಿರಲಿಲ್ಲ. ಅಳತೆ ತೆಗೆದುಕೊಂಡು ಉಳಿದದ್ದನ್ನೆಲ್ಲ ತನ್ನ ಮಾತಿನಲ್ಲಿ ನೀಟಾಗಿ ಬರೆದಿದ್ದಳು. ಕುಂಬಳಕಾಯಿ ಸೂಪಿಗೆ ಅಚ್ಚಿನಲ್ಲಿ ಆರು ಸಾಲು. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಇನ್ನೊಂದಿಷ್ಟಿತ್ತು: "ಉಪ್ಪು ಕಡಿಮೆ ಅಂದರು. ಕಡಿಮೆ ಇರಲಿಲ್ಲ. ಕೆಲಸದಲ್ಲಿ ಏನೋ ಆಗಿರಬೇಕು." ನಿಂಬೆ ಕೇಕಿನ ಕೆಳಗೆ: "ಎರಡು ತುಂಡು ತಿಂದರು, ಮಾತಾಡಲಿಲ್ಲ. ಚೆನ್ನಾಗಿತ್ತು ಅಂತ ಇಟ್ಟುಕೊಳ್ಳೋಣ." ಪುಟಪುಟಕ್ಕೂ ನಾನೇ. ಜೋರಾಗಿ ನಕ್ಕುಬಿಟ್ಟೆ. ಅಡುಗೆಮನೆಯಿಂದ ಯಾರೂ "ಏನದು?" ಎಂದು ಕೇಳಲಿಲ್ಲ.

ಕೊನೆಯ ಪುಟದಲ್ಲಿ ಅಡುಗೆಯೇ ಇರಲಿಲ್ಲ. "ಇದನ್ನು ಅವರಿಗೆ ತೋರಿಸೋಣ ಅನ್ನಿಸುತ್ತದೆ. ಆದರೆ ಕೆಂಪು ಪೆನ್ನು ತೆಗೆಯುತ್ತಾರೆ."

ತೆಗೆದಿದ್ದೆ. ಮದುವೆಯಾದ ಹೊಸದರಲ್ಲಿ ತವರಿನಿಂದ ಅವಳು ಬರೆದ ಮೊದಲ ಕಾಗದವನ್ನು ತಿದ್ದಿ, ಅಂಚಿನಲ್ಲಿ ಗುರುತು ಹಾಕಿ ವಾಪಸು ಕಳಿಸಿದ್ದೆ. ತಮಾಷೆ ಅಂದುಕೊಂಡಿದ್ದೆ, ದಡ್ಡ. ಆಮೇಲೆ ಅವಳು ನನಗೆ ಒಂದಕ್ಷರ ಬರೆಯಲಿಲ್ಲ.

ನಾದಿನಿಗೆ ಫೋನ್ ಮಾಡಿದೆ. ಬೈಯಲೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಬೇರೆ.

"ಅಕ್ಕನ ಮಾತು ಯಾಕೆ ಬಿಟ್ಟೆ? ಅದನ್ನೂ ಕದೀಬಾರ್ದಿತ್ತಾ?"

"ಹೆಸರು ಹಾಕದೇ ಇದ್ದದ್ದು ನನ್ ತಪ್ಪು ಭಾವ. ಮುಂದಿನ ಮುದ್ರಣಕ್ಕೆ ಹಾಕ್ತೀನಿ, ಆಣೆ. ಆದ್ರೆ ಆ ಮಾತೆಲ್ಲ ನಿಮಗೆ ಅಂತ ಬರೆದಿದ್ದು. ನಾನ್ ಹೇಗೆ ಮುಟ್ಲಿ?"

ಬೇಕಾದದ್ದು ಸಿಕ್ಕಿತ್ತು. ಸಂತೋಷ ಮಾತ್ರ ಆಗಲಿಲ್ಲ.

"ಅಕ್ಕ ಇದ್ದಾಗ್ಲೇ ನೀವು ಓದಿದ್ರಿ ಅಲ್ವಾ ಭಾವ?" ಎಂದಳು.

"ಓದಿದ್ದೆ" ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.