ಬೆನ್ನು ತಾಗಿದರೂ ಮುಗಿಯದ ಕುಸ್ತಿ

೧.
ಎಲ್ಲಿಂದ ಶುರು ಮಾಡಲಿ? ಜಪಾನಿನ ಕುಸ್ತಿಪಟು ಇಸಾಮು ನಾರಾಯಣಪೇಟೆಗೆ ಯಾಕೆ ಬಂದ ಎಂಬಲ್ಲಿಂದಲೇ? ಅದಕ್ಕೆ ಮೂರು ಕಾರಣ ಬರೆದೆ, ಮೂರನ್ನೂ ಹೊಡೆದುಹಾಕಿದೆ. (ನಮಗೆ ತೆಲಂಗಾಣ ರಾಜ್ಯವೇ ಬಂದ ವಾರ ಅದು. ಒಬ್ಬ ಜಪಾನಿ ಬಂದರೆ ನಿಮಗೇನು ಕಷ್ಟ?)

ಬಂದ, ಅಷ್ಟೇ. ಮೈದಾನದಲ್ಲಿ ರಿಂಗ್ ಎದ್ದಿತು. ಎದುರಿಗೆ ಮಕ್ತಲಿನ ಕುರುಬರ ಹುಡುಗ ಅಂಜನಕುಮಾರ್. ಇಬ್ಬರ ಹೆಸರೂ ಈಗಷ್ಟೇ ಮೇಲೇಳುತ್ತಿದೆ. ಗೆದ್ದವನಿಗೆ ಟೋಕಿಯೋದ ಕುಸ್ತಿ ತಂಡದಲ್ಲಿ ಜಾಗ. ಇರುವುದು ಒಂದೇ ಜಾಗ.

೨.
ಈ ಜಪಾನಿ ಕುಸ್ತಿಯ ಗುಟ್ಟು ಕೇಳಿ: ಒದೆ ನಿಜ, ನೋವು ನಿಜ, ಗೆಲ್ಲುವವನು ಯಾರೆಂಬುದು ಮಾತ್ರ ಮೊದಲೇ ತೀರ್ಮಾನ. (ಕಥೆಯೂ ಹೀಗೇ ಅಲ್ಲವೇ ಸ್ವಾಮಿ?) ಇಸಾಮು ಗೆಲ್ಲಲಿ ಎಂದು ನಾನು ತೀರ್ಮಾನಿಸಿದ್ದೆ. ನಾಯಕ ಅಂಜನ ಸೋತರೆ ವಿಮರ್ಶಕರು ಮರುಗಿ ಮೆಚ್ಚುತ್ತಾರೆ.

"ನಿಮ್ಮ ವಿಮರ್ಶಕರ ಸಲುವಾಗಿ ನಾ ಯಾಕ ಸೋಲಬೇಕ್ರಿ?" ಎಂದ ಅಂಜನ, ರಿಂಗಿನೊಳಗಿಂದಲೇ.

"ಸುಮ್ಮನೆ ಆಡಪ್ಪ," ಎಂದೆ.

೩.
ಆಡಿದ. ಒದೆ ತಿಂದ. ಇಸಾಮುವಿನ ಸೊಂಟಕ್ಕೆ ಕೈಹಾಕಿ ಎತ್ತಿ ಕೆಡವಿದ. ಜಪಾನಿಯ ಬೆನ್ನು ನೆಲಕ್ಕೆ ತಾಗಿತು. ನಮ್ಮ ಕಡೆ ಅಲ್ಲಿಗೆ ಕುಸ್ತಿ ಮುಗಿಯಿತು! ಡೊಳ್ಳು ಬಾರಿಸಿದರು, ರುಮಾಲು ಹಾರಿಸಿದರು. ಅಂಜನ ಎರಡೂ ಕೈ ಎತ್ತಿ, ಅವ್ವ ಹುಸೇನಮ್ಮ ಕೂತ ಕಡೆ ತಿರುಗಿದ. ಆದರೆ ಈ ಆಟದಲ್ಲಿ ಬೆನ್ನು ತಾಗಿದ್ದು ಲೆಕ್ಕಕ್ಕಿಲ್ಲ; ಎದುರಾಳಿ ನೆಲ ತಟ್ಟಿ ಸೋಲೊಪ್ಪಬೇಕು. ಮಲಗಿದ್ದ ಇಸಾಮು ಅಂಜನನ ಕಾಲು ಹಿಡಿದು ತಿರುಚಿದ.

(ನನ್ನ ಎಂಡಿಂಗ್ ತಾನಾಗಿಯೇ ಬಂತೆಂದು ಖುಷಿಪಟ್ಟೆ. ನಾಚಿಕೆಗೆಟ್ಟವನು ನಾನು.)

ರಿಂಗಿನ ಹಗ್ಗ ಹಿಡಿದರೆ ರೆಫರಿ ಬಿಡಿಸುತ್ತಾನೆ. ಆದರೆ ಊರ ಮಂದಿಯ ಮುಂದೆ ಹಗ್ಗಕ್ಕೆ ಜೋತುಬೀಳುವುದೇ? ಅಂಜನ ಹಲ್ಲು ಕಚ್ಚಿದ.

"ಹಗ್ಗ ಹಿಡಿಯೋ ಮಗನಾ! ಮಂದಿ ನಕ್ಕರ ನಗಲಿ, ಕಾಲು ನಿಂದೈತಿ!" ಎಂದು ಹುಸೇನಮ್ಮ ಕೂಗಿದಳು. ಈ ಸಾಲು ನಾನು ಬರೆದದ್ದಲ್ಲ.

ಹಿಡಿದ. ರೆಫರಿ ಬಿಡಿಸಿದ. ಒಬ್ಬರೂ ನಗಲಿಲ್ಲ. ಅಂಜನ ಕುಂಟುತ್ತಲೇ ಎದ್ದು ಮತ್ತೆ ಇಸಾಮುವಿನ ಮೇಲೆ ಬಿದ್ದ.

೪.
ಎಂಡಿಂಗ್ ಒಂದು: ಇಸಾಮು ಗೆದ್ದ. ಈ ಪುಟವನ್ನು ಅಂಜನ ಹರಿದುಹಾಕಿದ.

ಎರಡು: ಸಮಸಮ. ಇದನ್ನು ಹುಸೇನಮ್ಮ ಹರಿದಳು. "ಒಂದ ಜಾಗದಾಗ ಇಬ್ಬರು ಹೆಂಗ ಕುಂದ್ರತಾರ್ರಿ?"

ಮೂರು: ಇಸಾಮುವಿನ ತೋಳು ಅಂಜನನ ತೊಡೆಗಳ ನಡುವೆ ಸಿಕ್ಕಿದೆ, ಮೊಣಕೈ ಮೇಲೆ ಪೂರಾ ಭಾರ ಬಿದ್ದಿದೆ. ಮೈದಾನಕ್ಕೆ ಮೈದಾನವೇ ಎದ್ದು ನಿಂತಿದೆ. ನನ್ನ ಎದೆಯೂ ಉಬ್ಬಿದೆ, ಮುಚ್ಚಿಡುವುದೇಕೆ? ಇಸಾಮುವಿನ ಇನ್ನೊಂದು ಕೈ ಮೇಲೆದ್ದಿದೆ, ನೆಲ ತಟ್ಟಲೆಂದೋ, ಹಗ್ಗ ಹಿಡಿಯಲೆಂದೋ.

"ಕಥೆ ಇಲ್ಲಿಗೆ ನಿಲ್ಲಿಸುತ್ತೇನಪ್ಪ," ಎಂದೆ.

"ನೀವು ನಿಲ್ಲಸ್ರಿ," ಎಂದ ಅಂಜನ. "ನಾ ಬಿಡಂಗಿಲ್ಲ."